ಬಲಾಢ್ಯರ ಪೈಪೋಟಿಯೂ ನಮ್ಮ ಹಗೇವೂ

ಲೋಕದ ಬಲಾಢ್ಯ ರಾಷ್ಟ್ರಗಳ ಪೈಪೋಟಿಯನ್ನು ಕುರಿತು ಬರೆಯುವಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೆಸರೆತ್ತಿದರೆ ನಮ್ಮ ವಾಚಕರಲ್ಲಿ ಕೆಲವರು ನಕ್ಕಾರು. ವಾಶಿಂಗ್ಟನ್ ಎಲ್ಲಿ, ಮಾಸ್ಕೋ ಎಲ್ಲಿ, ಡೋಣಿಯ ದಂಡೆಯ ಎರೆಹೊಲ ಎಲ್ಲಿ ಎಂದು ಕೇಳಿಯಾರು. ಆದರೆ ಆ ಪೈಪೋಟಿಯ ಲೆಕ್ಕವು ಕೇವಲ ರಾಜಧಾನಿಗಳ ಮಂತ್ರಾಲೋಚನೆಯ ಕೋಣೆಗಳಲ್ಲಿ ಬರೆಯಲ್ಪಟ್ಟಿಲ್ಲ. ಈ ನಾಲ್ಕು ತಾಲೂಕುಗಳ ಪಡಿತರದ ಅಂಗಡಿಗಳಲ್ಲಿಯೂ, ಶಾಲೆಗಳ ಅಂಗಳದಲ್ಲಿಯೂ, ಒಕ್ಕಲಿಗರ ಕಣದಲ್ಲಿಯೂ ಬರೆಯಲ್ಪಟ್ಟಿದೆ. ಆ ಲೆಕ್ಕವನ್ನು ಒಮ್ಮೆ ತಿರುವಿ ನೋಡುವದು ಇಂದು ಅವಶ್ಯವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಹೆಸರು ಬದಲಿಸಿಕೊಂಡು ಅದೇ ಪೈಪೋಟಿಯು ಮತ್ತೆ ನಮ್ಮ ಬಾಗಿಲಿಗೆ ಬಂದಿದೆ.

1945ರಲ್ಲಿ ಕೂಡಿ ಹಿಟ್ಲರನನ್ನು ಸೋಲಿಸಿದ ಅಮೇರಿಕೆಯೂ ರಶಿಯಾವೂ ಎರಡು ವರ್ಷ ತುಂಬುವದರೊಳಗಾಗಿ ಒಂದರ ಮುಖವನ್ನೊಂದು ನೋಡಲಾರದಂತಾದವು. ಒಂದು ಬಂಡವಾಳದ ಪಕ್ಷ, ಇನ್ನೊಂದು ಸಮತಾವಾದದ ಪಕ್ಷ. ಒಂದು ವ್ಯಕ್ತಿಸ್ವಾತಂತ್ರ್ಯದ ಹೆಸರನ್ನು ಹೇಳಿತು, ಇನ್ನೊಂದು ದುಡಿಯುವವರ ರಾಜ್ಯದ ಹೆಸರನ್ನು ಹೇಳಿತು. ಎರಡರ ಕೈಯಲ್ಲಿಯೂ 1949ರ ಹೊತ್ತಿಗೆ ಅಣುಬಾಂಬು ಬಂದಿತು. ಅದಕ್ಕೂ ಮೊದಲು, 1946ರ ಸಪ್ಟೆಂಬರ 7ರಂದು, ಮಧ್ಯಂತರ ಸರಕಾರದ ಪರವಾಗಿ ಆಕಾಶವಾಣಿಯಲ್ಲಿ ಮಾತನಾಡಿದ ಪಂಡಿತ ಜವಾಹರಲಾಲ ನೆಹರೂ ಅವರು, ಒಂದಕ್ಕೊಂದು ಎದುರಾಗಿ ನಿಂತ ಕೂಟಗಳ ಬಲದಾಟದಿಂದ ಭಾರತವು ಸಾಧ್ಯವಾದಮಟ್ಟಿಗೆ ದೂರವಿರುವದೆಂದು ಸಾರಿದರು. ಕೋಣಗಳೆರಡು ಕಾದಿದರೆ ನಡುವಿನ ಗಿಡಕ್ಕೆ ಕೇಡೆಂಬ ಗಾದೆಯನ್ನು ಬಲ್ಲ ನಮ್ಮ ಜನಕ್ಕೆ ಆ ನೀತಿಯ ಅರ್ಥವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಆದರೆ ಅಲಿಪ್ತವಾಗಿರುತ್ತೇವೆಂದು ಹೇಳುವದು ಬೇರೆ, ಹಸಿದ ಹೊಟ್ಟೆಯಿಂದ ಅಲಿಪ್ತವಾಗಿ ಉಳಿಯುವದು ಬೇರೆ.

ಈ ನಾಲ್ಕು ತಾಲೂಕುಗಳಿಗಿಂತ ಚೆನ್ನಾಗಿ ಈ ವ್ಯತ್ಯಾಸವನ್ನು ಬಲ್ಲ ಸೀಮೆಯು ವಿರಳ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ನೆಲವು ಕಪ್ಪಾದ ಎರೆ, ಬೆಳೆಯು ಹಿಂಗಾರಿಯ ಬಿಳಿಜೋಳ. ಡೋಣಿ ಹರಿದರೆ ಓಣಿಯೆಲ್ಲ ಕಾಳೆಂದು ಜನರು ಹೇಳುವದು ಸುಳ್ಳಲ್ಲ; ಆದರೆ ಮಳೆ ಕೈಕೊಟ್ಟ ವರುಷ ಓಣಿಯೆಲ್ಲ ಬರಿದು. 1876-77ರ ಮಹಾಕ್ಷಾಮವನ್ನೂ, ಎರಡನೆಯ ಮಹಾಯುದ್ಧದ ನಡುವೆ 1942-43ರಲ್ಲಿ ಬಂದ ಬರವನ್ನೂ ಈ ಜಿಲ್ಲೆಯು ಮೈಮೇಲೆ ಅನುಭವಿಸಿದೆ. ಆದುದರಿಂದಲೇ ನಮ್ಮ ಹಿರಿಯರು ಹಗೇವುಗಳನ್ನು ತೋಡಿದರು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಜೋಳವನ್ನು ತುಂಬಿ, ಬಾಯಿಗೆ ಕಲ್ಲುಮುಚ್ಚಿ ಮಣ್ಣು ಮೆತ್ತಿ, ಒಳ್ಳೆಯ ವರುಷದ ಸುಗ್ಗಿಯನ್ನು ಕೆಟ್ಟ ವರುಷಕ್ಕಾಗಿ ಕಾಯ್ದಿಟ್ಟರು. ಹಗೇವು ತುಂಬಿದ ಮನೆಯವನು ಊರ ಗೌಡನ ಮುಂದೆಯೂ ಸಾಹುಕಾರನ ಮುಂದೆಯೂ ತಲೆಯೆತ್ತಿ ಮಾತನಾಡಿದನು. ಹಗೇವು ಬರಿದಾದವನು ಅವರು ಹೇಳಿದ ಬಡ್ಡಿಗೆ ಹೆಬ್ಬೆಟ್ಟು ಒತ್ತಿದನು. ಮನೆಗೆ ಸಲ್ಲುವ ಈ ನ್ಯಾಯವು ರಾಷ್ಟ್ರಕ್ಕೂ ಸಲ್ಲುತ್ತದೆ. ನಮ್ಮ ಲೇಖನದ ತಿರುಳು ಇಷ್ಟೇ.

ಸ್ವತಂತ್ರ ಭಾರತದ ಹಗೇವು ಬರಿದಾಗಿತ್ತು. 1950-51ರಲ್ಲಿ ನಮ್ಮ ಸರಕಾರವು ಅಮೇರಿಕೆಯಿಂದ 20 ಲಕ್ಷ ಟನ್ನು ಧಾನ್ಯವನ್ನು ಕೇಳಿತು. ಕೊರಿಯಾ ಯುದ್ಧದ ವಿಷಯದಲ್ಲಿ ಭಾರತವು ತಮ್ಮ ತಾಳಕ್ಕೆ ಕುಣಿಯಲಿಲ್ಲವೆಂದು ಅಲ್ಲಿಯ ಶಾಸನಸಭೆಯವರು ತಿಂಗಳುಗಟ್ಟಲೆ ಚರ್ಚೆಯನ್ನು ಎಳೆದರು. ಅಷ್ಟರಲ್ಲಿ ರಶಿಯಾವು 50 ಸಾವಿರ ಟನ್ನು ಗೋದಿಯನ್ನು ಕಳಿಸುವೆನೆಂದು ಮುಂದೆ ಬಂದಿತು. ಕೊನೆಗೆ 1951ರ ಜೂನ್ ತಿಂಗಳಲ್ಲಿ ಅಮೇರಿಕೆಯು 19 ಕೋಟಿ ಡಾಲರುಗಳ ಸಾಲವಾಗಿ ಗೋದಿಯನ್ನು ಕೊಟ್ಟಿತು. ಹಸಿವು ನಮ್ಮದು, ಮೇಲಾಟ ಅವರದು. 1954ರಲ್ಲಿ ಅಮೇರಿಕೆಯು ತನ್ನಲ್ಲಿ ಹೆಚ್ಚಾಗಿ ಉಳಿದ ಕಾಳನ್ನು ಹೊರಗೆ ಸಾಗಿಸಲು ಸಾರ್ವಜನಿಕ ಕಾಯಿದೆ 480 ಎಂಬ ಕಾನೂನನ್ನು ಮಾಡಿತು. 1956ರ ಆಗಸ್ಟದಲ್ಲಿ ಭಾರತವು ಅದರ ಮೇರೆಗೆ ಮೊದಲನೆಯ ಒಪ್ಪಂದಕ್ಕೆ ಸಹಿ ಹಾಕಿತು. 1960ರ ಮೇ ತಿಂಗಳ ಒಪ್ಪಂದದಲ್ಲಿ ನಾಲ್ಕು ವರ್ಷಗಳಿಗೆ 1 ಕೋಟಿ 60 ಲಕ್ಷ ಟನ್ನು ಗೋದಿಯೂ 10 ಲಕ್ಷ ಟನ್ನು ಅಕ್ಕಿಯೂ ಗೊತ್ತಾದವು. ಬೆಲೆಯನ್ನು ರೂಪಾಯಿಗಳಲ್ಲಿ ಕೊಟ್ಟರೆ ಸಾಕೆಂಬ ಅನುಕೂಲವೇನೋ ಇತ್ತು. ಆದರೆ ಸುಲಭವಾಗಿ ದೊರೆಯುವ ಕಾಳು ದುಡಿಮೆಯ ಚುರುಕನ್ನು ತಗ್ಗಿಸುತ್ತದೆ. ನಮ್ಮ ಆಳುವವರು ಕಾರಖಾನೆಗಳ ಕಡೆಗೆ ಕೊಟ್ಟ ಲಕ್ಷ್ಯವನ್ನು ಒಣಬೇಸಾಯದ ಕಡೆಗೆ ಕೊಡಲಿಲ್ಲ.

ಆ ಕಾಳು ನಮ್ಮ ಊರುಗಳಿಗೂ ಬಂದಿತು. ಗೋದಿಯೆಂದರೆ ಹಬ್ಬದ ಹೋಳಿಗೆ, ಮದುವೆಯ ಮಾದಲಿ ಎಂದು ತಿಳಿದಿದ್ದ ಸೀಮೆಯಲ್ಲಿ ಅದು ದಿನದ ಪಡಿತರವಾಯಿತು. ಅದರ ಬೆನ್ನಿಗೆ ಅಮೇರಿಕೆಯ ಕೆಂಪು ಜೋಳವೂ ಬಂದಿತು. ಬಿಳಿಜೋಳದ ರೊಟ್ಟಿಯನ್ನು ಬಡಿದು ಪಳಗಿದ ಕೈಗಳಿಗೆ ಆ ಹಿಟ್ಟು ಹದಕ್ಕೆ ಬರಲಿಲ್ಲವೆಂದೂ, ಹೊಟ್ಟೆ ಕೇಳಲಿಲ್ಲವಾದ್ದರಿಂದ ಉಂಡೆವೆಂದೂ ಹಿರಿಯರು ಹೇಳುವದನ್ನು ನಾವು ಕೇಳಿದ್ದೇವೆ. ಶಾಲೆಯ ಮಕ್ಕಳಿಗೆ ಕೇರ್ ಎಂಬ ಅಮೇರಿಕೆಯ ಸಂಸ್ಥೆಯ ಮೂಲಕ ಬಂದ ಗೋದಿನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿಗಳು ದೊರೆತವು. ಹೊಲದ ಬದುವಿನಲ್ಲಿ ಬಿಳಿಹೂವಿನ ಒಂದು ಹೊಸ ಕಳೆ ಹಬ್ಬಿತು. ಜನರು ಅದನ್ನು ಕಾಂಗ್ರೆಸ್ ಕಸವೆಂದು ಕರೆದು, ಅಮೇರಿಕೆಯ ಗೋದಿಯೊಡನೆ ಬಂದಿತೆಂದು ನಂಬಿದರು. ಈ ಕಳೆಯು ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವಿನಲ್ಲಿಯೇ. ಆದ್ದರಿಂದ 1956ರ ಒಪ್ಪಂದದ ಮೇಲೆ ಪೂರ್ತಿ ಹೊಣೆಯನ್ನು ಹೊರಿಸುವದು ನ್ಯಾಯವಲ್ಲ. ಆದರೂ ಜನರ ನಂಬಿಕೆಯಲ್ಲಿ ಒಂದು ತಿಳಿವಳಿಕೆಯಿದೆ. ಬೇಡಿ ತಂದ ಕಾಳಿನೊಡನೆ ಬೇಡದ್ದೂ ಬರುತ್ತದೆ.

ಇನ್ನು ಬಸವನ ಬಾಗೇವಾಡಿ ತಾಲೂಕಿನ ಕಡೆಗೆ ನೋಡೋಣ. ಅಂದು ಆ ತಾಲೂಕಿಗೆ ಸೇರಿದ್ದ, ಇಂದು ನಿಡಗುಂದಿ ತಾಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ, ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟಿಗೆ 1964ರ ಮೇ 22ರಂದು ಕೇಂದ್ರದ ಸಚಿವರಾಗಿದ್ದ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಐದು ದಿನಗಳಲ್ಲಿ ನೆಹರೂ ಅವರು ತೀರಿಕೊಂಡರು. ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಿಗಳಾದರು. ಮರುವರ್ಷ ಮಳೆ ತಪ್ಪಿತು, ಪಾಕಿಸ್ತಾನದೊಡನೆ ಯುದ್ಧವಾಯಿತು, ಅಮೇರಿಕೆಯು ಸಹಾಯದ ಕೈಯನ್ನು ಹಿಂದೆಗೆಯಿತು. ಆಗ ಶಾಸ್ತ್ರಿಯವರು ದೇಶಕ್ಕೆ, ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದರು. ಸೈನಿಕನಿಗೂ ರೈತನಿಗೂ ಒಂದೇ ಉಸಿರಿನಲ್ಲಿ ಜಯಕಾರ ಹಾಕಿದರು. 1966ರ ಜನವರಿ 10ರಂದು, ರಶಿಯಾದ ಪ್ರಧಾನಿ ಕೊಸಿಗಿನ್ ಅವರ ಮಧ್ಯಸ್ಥಿಕೆಯಲ್ಲಿ, ಸೋವಿಯೆಟ್ ನೆಲವಾಗಿದ್ದ ತಾಶ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಅದೇ ರಾತ್ರಿ ಕಳೆಯುವ ಮೊದಲೇ ಅಲ್ಲಿಯೇ ಕಣ್ಮುಚ್ಚಿದರು. ಇಂದು ಆಲಮಟ್ಟಿಯ ಜಲಾಶಯಕ್ಕೆ ಅವರ ಹೆಸರಿದೆ. ಒಂದು ಬಲಾಢ್ಯ ರಾಷ್ಟ್ರದ ಗೋದಿಗೂ ಇನ್ನೊಂದು ಬಲಾಢ್ಯ ರಾಷ್ಟ್ರದ ಮಧ್ಯಸ್ಥಿಕೆಗೂ ನಡುವೆ ನಿಂತು, ನಾಡಿನ ಮಾನವನ್ನು ಕಾಯಲು ಹೆಣಗಿದ ಆ ಸಣ್ಣ ಆಕಾರದ ದೊಡ್ಡ ಮನುಷ್ಯನನ್ನು ಆ ನೀರನ್ನು ನೋಡಿದಾಗಲೊಮ್ಮೆ ನಾವು ನೆನೆಯಬೇಕು.

ಅವರ ತರುವಾಯ ಬಂದ ಶ್ರೀಮತಿ ಇಂದಿರಾ ಗಾಂಧಿಯವರಿಗೆ ಹಗ್ಗವು ಇನ್ನೂ ಬಿಗಿಯಾಯಿತು. 1966ರಲ್ಲಿ ಭಾರತವು ಒಂದು ಕೋಟಿ ಟನ್ನಿಗೂ ಮಿಕ್ಕಿ ಧಾನ್ಯವನ್ನು ಹೊರಗಿನಿಂದ ತಂದಿತು. ಅದರ ಬಹುಪಾಲು ಅಮೇರಿಕೆಯದು. ಅಧ್ಯಕ್ಷ ಜಾನ್ಸನ್ನರು ಆ ಧಾನ್ಯವನ್ನು ವರ್ಷದ ಮಾತಿಗೆ ಬಿಡದೆ, ಕೆಲವು ವಾರಗಳಿಗೆ ಸಾಲುವಷ್ಟನ್ನೇ ಅಳೆದಳೆದು ಹಡಗಿಗೇರಿಸಿದರು. ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಬೇಕಾಯಿತು. 4 ರೂಪಾಯಿ 76 ಪೈಸೆಗೆ ದೊರೆಯುತ್ತಿದ್ದ ಡಾಲರು 7 ರೂಪಾಯಿ 50 ಪೈಸೆಯಾಯಿತು. ಜುಲೈದಲ್ಲಿ ಮಾಸ್ಕೋದಲ್ಲಿ ವಿಯೆಟ್ನಾಮದ ಯುದ್ಧವನ್ನು ಖಂಡಿಸುವ ಹೇಳಿಕೆಗೆ ಭಾರತವು ಸಹಿ ಹಾಕಿದಾಗ ವಾಶಿಂಗ್ಟನ್ನಿನ ಮುಖ ಇನ್ನಷ್ಟು ಕಪ್ಪಿಟ್ಟಿತು. ಸಿಂದಗಿಯ ಪಡಿತರದ ಅಂಗಡಿಯ ಮುಂದೆ ಚೀಲ ಹಿಡಿದು ಸಾಲುಗಟ್ಟಿ ನಿಂತ ಹೆಣ್ಣುಮಕ್ಕಳಿಗೆ ವಿಯೆಟ್ನಾಮವು ಎಲ್ಲಿದೆಯೆಂದು ತಿಳಿದಿರಲಿಕ್ಕಿಲ್ಲ. ಆದರೆ ಅವರ ಚೀಲಕ್ಕೂ ಆ ಯುದ್ಧಕ್ಕೂ ಗಂಟು ಬಿದ್ದಿತ್ತು.

ರಶಿಯಾದ ಪಕ್ಷದವರು ಇದನ್ನು ಓದಿ ಹಿಗ್ಗಬೇಕಾಗಿಲ್ಲ. 1971ರ ಆಗಸ್ಟ 9ರಂದು ಭಾರತ-ಸೋವಿಯೆಟ್ ಮೈತ್ರಿಯ ಒಪ್ಪಂದವಾಯಿತು. ಬಾಂಗ್ಲಾ ಯುದ್ಧದಲ್ಲಿ ಆ ಮೈತ್ರಿಯು ನೆರವಿಗೆ ಬಂದದ್ದು ನಿಜ. ಆದರೆ 1972ರಲ್ಲಿ ರಶಿಯಾದ ಬೆಳೆ ಕೆಟ್ಟಾಗ, ಆ ಸಮತಾವಾದಿ ಸರಕಾರವು ಸದ್ದಿಲ್ಲದೆ ಬಂಡವಾಳಶಾಹಿಯ ಪೇಟೆಗೆ ಹೋಗಿ ಅಮೇರಿಕೆಯಿಂದ ಒಂದು ಕೋಟಿ ಟನ್ನಿಗೂ ಮಿಕ್ಕಿ ಗೋದಿಯನ್ನು ಕೊಂಡಿತು. ಲೋಕದಲ್ಲೆಲ್ಲ ಕಾಳಿನ ಬೆಲೆ ಏರಿತು. ಅದೇ 1972-73ರಲ್ಲಿ ನಮ್ಮ ಜಿಲ್ಲೆಯೂ ನೆರೆಯ ಮಹಾರಾಷ್ಟ್ರವೂ ಭೀಕರ ಬರಗಾಲದಲ್ಲಿ ಬೇಯುತ್ತಿದ್ದವು. ಕಲ್ಲು ಒಡೆಯುವ ಕಾಮಗಾರಿಯಲ್ಲಿ ದಿನಗೂಲಿಗೆ ನಿಂತ ಒಕ್ಕಲಿಗನು ಕೊಂಡ ಕಾಳಿನ ಬೆಲೆಯಲ್ಲಿ ಆ ಇಬ್ಬರು ವೈರಿಗಳ ವ್ಯಾಪಾರದ ಪಾಲೂ ಸೇರಿತ್ತು. 1973ರಲ್ಲಿ ರಶಿಯಾವು 20 ಲಕ್ಷ ಟನ್ನು ಧಾನ್ಯವನ್ನು ಭಾರತಕ್ಕೆ ಕಡವಾಗಿ ಕೊಟ್ಟಿತು. ಕೊಟ್ಟದ್ದನ್ನು ನಾವು ಮರೆಯಬಾರದು. ಆದರೆ ಬೆಲೆ ಏರಿದ ಬಗೆಯನ್ನೂ ಮರೆಯಬಾರದು.

ನಾವು ಕೃತಘ್ನರಲ್ಲ. ಅಮೇರಿಕೆಯ ಗೋದಿಯು ಲಕ್ಷಾವಧಿ ಜನರ ಪ್ರಾಣವನ್ನುಳಿಸಿತು. 1974ರಲ್ಲಿ ಅದರ ರಾಯಭಾರಿಯು, ಕೂಡಿಬಿದ್ದಿದ್ದ ರೂಪಾಯಿಗಳಲ್ಲಿ 1,664 ಕೋಟಿಯ ಚೆಕ್ಕನ್ನು ಭಾರತಕ್ಕೆ ಹಿಂದಿರುಗಿಸಿದನು. ರಶಿಯಾವು ಭಿಲಾಯಿಯ ಉಕ್ಕಿನ ಕಾರಖಾನೆಯನ್ನು ಕಟ್ಟಲು ನೆರವಾಯಿತು. ಆದರೆ ಉಪಕಾರಸ್ಮರಣೆ ಬೇರೆ, ಅಡಿಯಾಳುತನ ಬೇರೆ. ಇಬ್ಬರೂ ತಮ್ಮ ಲಾಭವನ್ನು ತೂಗಿ ನೋಡಿಯೇ ಕೊಟ್ಟರು. ತಾಲೂಕಿನ ವಾಚನಾಲಯಗಳಿಗೂ ಮನೆಗಳಿಗೂ ಒಬ್ಬರು ಸ್ಪ್ಯಾನ್ ಪತ್ರಿಕೆಯನ್ನೂ ಇನ್ನೊಬ್ಬರು ಸೋವಿಯೆಟ್ ಲ್ಯಾಂಡ್ ಪತ್ರಿಕೆಯನ್ನೂ ಹೊಳೆಯುವ ಕಾಗದದಲ್ಲಿ ಕಳಿಸಿದರು. ನಮ್ಮ ಮಕ್ಕಳು ಆ ಕಾಗದವನ್ನು ಪಾಠಪುಸ್ತಕಗಳಿಗೆ ಹೊದಿಕೆಯಾಗಿ ಹಾಕಿಕೊಂಡರು. ಹೊದಿಕೆ ಯಾರದಾದರೂ ಆಗಲಿ, ಓದುವ ಪುಸ್ತಕ ನಮ್ಮದೇ ಆಗಿರಲಿ ಎಂಬ ಆ ಮಕ್ಕಳ ವಿವೇಕವು ರಾಜಕಾರಣಿಗಳಿಗೂ ಇರತಕ್ಕದ್ದು.

ಹೊರಗಿನಿಂದ ಬಂದುದರಲ್ಲಿ ಎರಡು ಬಗೆಯಿರುವದನ್ನು ವಾಚಕರು ಗಮನಿಸಬೇಕು. ಉಂಡರೆ ಮುಗಿಯುವದು ಒಂದು, ಬಿತ್ತಿದರೆ ಬೆಳೆಯುವದು ಇನ್ನೊಂದು. 1964ರಲ್ಲಿ ಭಾರತದಲ್ಲಿ ಹೊರಬಂದ ಮೊದಲನೆಯ ಸಂಕರಣ ಜೋಳ ಸಿಎಸ್‌ಎಚ್-1ರ ತಾಯಿತಳಿಯು ಅಮೇರಿಕೆಯದು. ಅದನ್ನು ನಮ್ಮ ವಿಜ್ಞಾನಿಗಳು ಪಳಗಿಸಿ ಮುಂಗಾರಿಗೆ ಒಗ್ಗಿಸಿದರು. ಎರೆಭೂಮಿಯ ಹಿಂಗಾರಿಯಲ್ಲಿ ಮಾತ್ರ ನಮ್ಮದೇ ಆದ ಮಾಲದಂಡಿಯು ತನ್ನ ಪಟ್ಟವನ್ನು ಬಿಟ್ಟುಕೊಡಲಿಲ್ಲ. 1969ರಲ್ಲಿ ರಶಿಯಾದಿಂದ ಸೂರ್ಯಕಾಂತಿಯ ತಳಿಗಳು ಬಂದವು. ಮುಂದಿನ ವರ್ಷಗಳಲ್ಲಿ ಬಿಜಾಪುರ ಜಿಲ್ಲೆಯ ಎರೆಹೊಲಗಳು ಹಳದಿ ಹೂವಿನಿಂದ ತುಂಬಿದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್‌ಎಚ್-1 ಎಂಬ ದೇಶದ ಮೊದಲ ಸಂಕರಣ ಸೂರ್ಯಕಾಂತಿಯು ಹೊರಬಂದಿತು. ಹೀಗೆ ಎರಡು ವೈರಿ ರಾಷ್ಟ್ರಗಳ ಬೀಜಗಳು ನಮ್ಮ ಒಂದೇ ಎರೆಯಲ್ಲಿ ಜಗಳವಿಲ್ಲದೆ ಬೆಳೆದವು. ಪರರಿಂದ ಕೈಯೊಡ್ಡಿ ಪಡೆಯತಕ್ಕದ್ದೇನಾದರೂ ಇದ್ದರೆ ಅದು ಬೀಜ ಮತ್ತು ವಿದ್ಯೆ.

1991ರ ಡಿಸೆಂಬರದಲ್ಲಿ ಸೋವಿಯೆಟ್ ಒಕ್ಕೂಟವು ಒಡೆದು ಹೋಯಿತು. ಪೈಪೋಟಿ ಮುಗಿಯಿತು, ಇನ್ನು ಪೇಟೆಯೇ ಎಲ್ಲವನ್ನೂ ನೋಡಿಕೊಳ್ಳುವದೆಂದು ಹಲವರು ನಂಬಿದರು. ಹೊರಗಿನ ಎಣ್ಣೆಯು ಅಗ್ಗವಾಗಿ ಬಂದಿತೆಂದು ನಮ್ಮ ಸೂರ್ಯಕಾಂತಿಯ ಹೊಲಗಳು ಕುಗ್ಗುತ್ತ ಹೋದವು. 2022ರ ಫೆಬ್ರುವರಿಯಲ್ಲಿ ರಶಿಯಾವು ಯುಕ್ರೇನಿನ ಮೇಲೆ ಯುದ್ಧ ಹೂಡಿದಾಗ ಏನಾಯಿತು? ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಒಂದು ಕಾಲಕ್ಕೆ ಸೂರ್ಯಕಾಂತಿಯನ್ನು ಬೆಳೆದು ಮಾರಿದ ಮುದ್ದೇಬಿಹಾಳದ ಮನೆಯವರೇ ಎಣ್ಣೆಯ ಡಬ್ಬಿಯ ಬೆಲೆ ಕೇಳಿ ಬೆಚ್ಚಿಬಿದ್ದರು. ರಶಿಯಾ, ಬೆಲಾರೂಸುಗಳ ಕಡೆಯಿಂದ ಬರುವ ಪೊಟ್ಯಾಶ್ ಗೊಬ್ಬರಕ್ಕೂ ಅದೇ ಬಿಸಿ ತಟ್ಟಿತು.

2025ರಲ್ಲಿ ಇನ್ನೊಂದು ಪಾಠವಾಯಿತು. ಭಾರತವು ರಶಿಯಾದ ಎಣ್ಣೆಯನ್ನು ಕೊಳ್ಳುತ್ತಿದೆಯೆಂಬ ಕಾರಣವನ್ನು ಮುಂದೆ ಮಾಡಿ, ಆಗಸ್ಟ 27ರಿಂದ ಅಮೇರಿಕೆಯು ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ನಮ್ಮ ಬಟ್ಟೆಯ ಗಿರಣಿಗಳಿಗೆ ಅನುಕೂಲವಾಗಲೆಂದು ಕೇಂದ್ರ ಸರಕಾರವು ಹೊರದೇಶದ ಹತ್ತಿಯ ಮೇಲಿನ ಶೇಕಡಾ 11ರ ಆಮದು ಸುಂಕವನ್ನು ಆಗಸ್ಟ 19ರಿಂದ ತೆಗೆದು, ಆ ವಿನಾಯಿತಿಯನ್ನು ಡಿಸೆಂಬರ 31ರ ವರೆಗೆ ಮುಂದುವರಿಸಿತು. ಅದು ನಮ್ಮ ಹತ್ತಿಯು ಪೇಟೆಗೆ ಬರುವ ಕಾಲ. ಗಿರಣಿಯವರ ಸಂಕಟವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಎರಡು ಬಲಾಢ್ಯ ರಾಷ್ಟ್ರಗಳ ಮನಸ್ತಾಪದ ದಂಡವನ್ನು ತಾಳೀಕೋಟೆಯ ಪೇಟೆಗೆ ಹತ್ತಿಯ ಗಾಡಿ ಹೊಡೆದುಕೊಂಡು ಬಂದ ಒಕ್ಕಲಿಗನು ತೆರಬೇಕೆಂಬುದು ಯಾವ ನ್ಯಾಯ? ಸುಂಕಗಳು ಒಮ್ಮೆ ಏರಿಯಾವು, ಒಮ್ಮೆ ಇಳಿದಾವು. ಹೊರಗಿನವರ ಕೈಯಲ್ಲಿ ನಮ್ಮ ಜುಟ್ಟು ಎಷ್ಟಿದೆಯೋ ಅಷ್ಟೇ ನಮ್ಮ ತಲೆ ಬಾಗುತ್ತದೆಂಬ ಪಾಠವು ಏರಿಳಿಯುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬಾಗಿಲು ಮುಚ್ಚಿ ಕೂಡ್ರುವದನ್ನು ನಾವು ಬೋಧಿಸುವದಿಲ್ಲ. ವ್ಯಾಪಾರ ಬೇಕು, ಸ್ನೇಹ ಬೇಕು. ಆದರೆ ಮೊದಲು ಹಗೇವು ತುಂಬಬೇಕು. ಇದಕ್ಕಾಗಿ ಅಧಿಕಾರಿಗಳ ಮುಂದೆಯೂ ಜನಪ್ರತಿನಿಧಿಗಳ ಮುಂದೆಯೂ ನಾವು ಮೂರು ಮಾತುಗಳನ್ನಿಡುತ್ತೇವೆ.

ಮೊದಲನೆಯದು, ಜೋಳದ ಮಾತು. 2025-26ರ ಸಾಲಿಗೆ ಕೇಂದ್ರವು ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಲಿಗೆ ಸಂಕರಣ ಜೋಳಕ್ಕೆ 3,699 ರೂಪಾಯಿ, ಮಾಲದಂಡಿಗೆ 3,749 ರೂಪಾಯಿ. ಮಳೆಯಿಲ್ಲದ ಚಳಿಗಾಲದಲ್ಲಿ ನೆಲದ ಹಸಿಯನ್ನೇ ನಂಬಿ ಬೆಳೆಯುವ, ರೊಟ್ಟಿಗೆ ಹೆಸರಾದ, ದನಕ್ಕೆ ಕಣಿಕೆಯನ್ನೂ ಕೊಡುವ ಬೆಳೆಯ ಹೆಚ್ಚುಗಾರಿಕೆಯು ಕೇವಲ 50 ರೂಪಾಯಿಯೇ? ಈ ಅಂತರವನ್ನು ಹೆಚ್ಚಿಸಬೇಕು. ಇಲ್ಲಿಯ ಜೋಳವನ್ನು ಇಲ್ಲಿಯೇ ಕೊಂಡು, ಇಲ್ಲಿಯೇ ಸಂಗ್ರಹಿಸಿ, ಇಲ್ಲಿಯ ಪಡಿತರದಲ್ಲಿಯೂ ಶಾಲೆಯ ಊಟದಲ್ಲಿಯೂ ಕೊಡುವದು ಆಗೊಮ್ಮೆ ಈಗೊಮ್ಮೆ ನಡೆಯುವ ಪ್ರಯತ್ನವಾಗಿರದೆ ನಿಯಮವಾಗಬೇಕು.

ಎರಡನೆಯದು, ನೀರಿನ ಮಾತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ 21ರಂದು. ನಡುವೆ ಕಳೆದದ್ದು 42 ವರುಷ. ವಿಶ್ವಬ್ಯಾಂಕಿನ ಸಾಲವೂ ಬಂದಿತು. ಮುಳುಗಡೆಯಾದವರ ಪುನರ್ವಸತಿ ಸರಿಯಾಗಿಲ್ಲವೆಂದು ಆ ಬ್ಯಾಂಕು ಹಣವನ್ನು ತಡೆಹಿಡಿದದ್ದೂ ಉಂಟು. ನಮ್ಮ ಮನೆ ಕಳಕೊಂಡವರಿಗೆ ನಾವು ಮಾಡಬೇಕಾದ ನ್ಯಾಯವನ್ನು ಸಾಲಿಗನು ಬಂದು ನೆನಪಿಸಬೇಕಾದದ್ದು ನಾಚಿಕೆಯ ಸಂಗತಿ. ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾಕಾಲುವೆಯ ತುದಿಯ ಹೊಲಕ್ಕೂ, ಮುಳವಾಡ, ಚಿಮ್ಮಲಗಿ ಏತನೀರಾವರಿಗಳ ಕೊನೆಯ ಕೆರೆಗೂ ನೀರು ಮುಟ್ಟುವ ವರೆಗೆ ಶಾಸ್ತ್ರಿಯವರ ಅಡಿಗಲ್ಲಿನ ಋಣ ತೀರಲಿಲ್ಲವೆಂದೇ ನಾವು ತಿಳಿಯುತ್ತೇವೆ.

ಮೂರನೆಯದು, ವಿದ್ಯೆಯ ಮಾತು. ಬಿಜಾಪುರದಲ್ಲಿ 1930ರ ದಶಕದಿಂದಲೂ ಒಣಬೇಸಾಯದ ಸಂಶೋಧನೆ ನಡೆದಿದೆ. 1970ರಲ್ಲಿ ಕೆನಡಾದ ನೆರವಿನಿಂದ ಆರಂಭವಾದ ಅಖಿಲ ಭಾರತ ಒಣಬೇಸಾಯ ಯೋಜನೆಯ ಕೇಂದ್ರಗಳಲ್ಲಿ ಅದೂ ಒಂದು. ಕಾಲುವೆಯ ನೀರು ಎಷ್ಟೇ ಬಂದರೂ ಈ ತಾಲೂಕುಗಳ ಬಹಳಷ್ಟು ನೆಲವು ಮಳೆಯನ್ನೇ ನಂಬಿರುವದು. ಜೋಳ, ತೊಗರಿ, ಕಡಲೆ, ಕುಸುಬೆ, ಸೂರ್ಯಕಾಂತಿಗಳ ಬೀಜದ ವಿಷಯದಲ್ಲಿ ಆ ಸಂಶೋಧನೆಗೆ ಕೊಡುವ ಒಂದೊಂದು ರೂಪಾಯಿಯೂ ದೇಶರಕ್ಷಣೆಯ ವೆಚ್ಚವೇ ಸರಿ.

ಪೇಟೆಯ ವರ್ತಕರಿಗೂ ನೌಕರವರ್ಗದವರಿಗೂ ಕೊನೆಯದಾಗಿ ಒಂದು ವಿನಂತಿ. ಬಲಾಢ್ಯರ ಜಗಳದಲ್ಲಿ ಯಾವ ಪಕ್ಷವನ್ನು ಹಿಡಿಯಬೇಕೆಂದು ಸಂಜೆಯ ಹರಟೆಯಲ್ಲಿ ನಾವು ಬಿಸಿಬಿಸಿಯಾಗಿ ವಾದಿಸುತ್ತೇವೆ. ಒಬ್ಬನು ಅಮೇರಿಕೆಯೆನ್ನುತ್ತಾನೆ, ಒಬ್ಬನು ರಶಿಯಾವೆನ್ನುತ್ತಾನೆ, ಈಗ ಮೂರನೆಯವನು ಚೀನದ ಹೆಸರನ್ನೂ ಎತ್ತುತ್ತಾನೆ. ನಮ್ಮ ಪಕ್ಷವು ನಮ್ಮ ಎರೆಯ ಪಕ್ಷ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಾದ ನಮಗೆ ಕಾಯಕವೂ ದಾಸೋಹವೂ ಹೊಸ ಮಾತುಗಳಲ್ಲ. ದುಡಿದು ಗಳಿಸಿದವನು ಹಂಚಿ ಉಣ್ಣುವದು ದಾಸೋಹ; ಕಣ್ಸನ್ನೆಗೆ ಕುಣಿಯಲೆಂದು ಕೊಡುವ ಕಾಳು ದಾಸೋಹವಲ್ಲ, ಅದನ್ನುಂಡು ಸುಮ್ಮನೆ ಕೂಡ್ರುವದು ಕಾಯಕವಲ್ಲ. ಹಳ್ಳಿಗಳಲ್ಲಿ ಹಳೆಯ ಹಗೇವುಗಳು ಹೆಚ್ಚುಕಡಿಮೆ ಮುಚ್ಚಿಹೋಗಿವೆ. ಅವುಗಳನ್ನೇ ಮತ್ತೆ ತೋಡಬೇಕೆಂದು ನಾವು ಹೇಳುವದಿಲ್ಲ. ಆದರೆ ಅವುಗಳನ್ನು ತೋಡಿದ ಬುದ್ಧಿಯು ಮುಚ್ಚಿಹೋಗಬಾರದು. ಮುಂದಿನ ಬರಗಾಲವು ಬಂದಾಗ ಇಂಡಿಯ ತಾಯಿಯೊಬ್ಬಳು ತನ್ನ ಮಗುವಿಗೆ ಬಡಿಯುವ ರೊಟ್ಟಿಯ ಹಿಟ್ಟು ಯಾವ ಹಡಗನ್ನೂ ಕಾಯದೆ ಈ ನೆಲದಿಂದಲೇ ದೊರೆಯುವಂತಿದ್ದರೆ, ಅಂದು ನಮ್ಮ ದೇಶವು ಯಾರ ಮುಂದೆಯೂ ತನಗೆ ನ್ಯಾಯವೆಂದು ತೋರಿದ ಮಾತನ್ನು ಅಂಜದೆ ಆಡಬಲ್ಲದು.